ಬಲೂನು ಬೇಕಾದರೆ ಕುಶಾಲನಗರದ ಬಯಲಿಗೆ ತನ್ನಿ, ರಾಜಾಸೀಟಿಗೆ ಬೇಡ

ಮಾನ್ಯ ಸಂಪಾದಕರೇ,

ಪ್ರವಾಸಿಗರ ಹಂಗಾಮು ಹತ್ತಿರ ಬಂದಾಗಲೆಲ್ಲ ಕೊಡಗಿಗೂ ಬಿಸಿಗಾಳಿ ಬಲೂನು ಬರಲಿ ಎಂಬ ಮಾತು ಏಳುತ್ತದೆ. ಮಡಿಕೇರಿಯ ವೀಕ್ಷಣಾ ತಾಣವಾದ ರಾಜಾಸೀಟಿನಿಂದ ಮೇಲೇರಿ, ಕಣಿವೆಯ ಮಂಜಿನ ಮೇಲೆ ತೇಲಿ, ಭಾಗಮಂಡಲದ ಕಡೆ ಎಲ್ಲೋ ಇಳಿಯುವ ಕಲ್ಪನೆ ಚೆಂದವೇ. ಆದರೆ ಬಲೂನಿಗೆ ಚುಕ್ಕಾಣಿ ಇಲ್ಲ. ಪೈಲಟ್ ಮಾಡಬಹುದಾದದ್ದು ಎರಡೇ: ಏರುವುದು, ಇಳಿಯುವುದು. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗಿದ್ದರೆ ಬೇಕಾದ ಗಾಳಿಯನ್ನು ಹುಡುಕಿ ಅದರಲ್ಲಿ ಸೇರಿಕೊಳ್ಳಬಹುದು, ಅಷ್ಟೇ. ಹಾಗಾಗಿ ಬಲೂನು ಎಲ್ಲಿಂದ ಏರುತ್ತದೆ ಎನ್ನುವುದಕ್ಕಿಂತ ಎಲ್ಲಿ ಇಳಿಯುತ್ತದೆ ಎನ್ನುವುದನ್ನು ಮೊದಲು ಕೇಳಬೇಕು. ಮಡಿಕೇರಿಯ ಮಟ್ಟಿಗೆ ಆ ಪ್ರಶ್ನೆಗೆ ಒಳ್ಳೆಯ ಉತ್ತರವಿಲ್ಲ.

ಎತ್ತುವ ಶಕ್ತಿಯಿಂದ ಶುರು ಮಾಡೋಣ. ಇಬ್ಬರು ಮೂವರು ಪ್ರಯಾಣಿಕರ ಸಾಮಾನ್ಯ ಬಲೂನಿನ ಚೀಲದಲ್ಲಿ ಸುಮಾರು 2,200 ಘನ ಮೀಟರ್ ಗಾಳಿ ಹಿಡಿಯುತ್ತದೆ. ಹೊರಗೆ 18 ಡಿಗ್ರಿ, ಒಳಗೆ 100 ಡಿಗ್ರಿ ಎಂದಿಟ್ಟುಕೊಳ್ಳಿ. ಕಡಲ ಮಟ್ಟದಲ್ಲಿ ಒಂದು ಘನ ಮೀಟರ್ ಹೊರಗಾಳಿ 1.21 ಕೆ.ಜಿ. ತೂಗಿದರೆ ಒಳಗಿನ ಬಿಸಿಗಾಳಿ 0.95 ಕೆ.ಜಿ. ತೂಗುತ್ತದೆ. ಆ ವ್ಯತ್ಯಾಸವೇ ಎತ್ತುವ ಬಲ. ಇಡೀ ಚೀಲಕ್ಕೆ ಸುಮಾರು 585 ಕೆ.ಜಿ. ಮಡಿಕೇರಿ ಇರುವುದು 1,150 ಮೀಟರ್ ಆಸುಪಾಸಿನಲ್ಲಿ. ಇಲ್ಲಿ ಒತ್ತಡ ಕಡಿಮೆ, ಗಾಳಿ ತೆಳು. ಅದೇ ಚೀಲ, ಅದೇ ಉಷ್ಣತೆಗೆ ಎತ್ತುವುದು 510 ಕೆ.ಜಿ. ಮಾತ್ರ. ಬಿಸಿಲೇರಿ ಹೊರಗೆ 28 ಡಿಗ್ರಿ ಆಯಿತೆಂದರೆ ಅದು 430ಕ್ಕೆ ಇಳಿಯುತ್ತದೆ. ಅಂದರೆ ಬೆಟ್ಟದ ಎತ್ತರ ಒಬ್ಬ ಪ್ರಯಾಣಿಕನನ್ನು ಇಳಿಸಿತು, ಬಿಸಿಲು ಇನ್ನೊಬ್ಬನನ್ನು. ಚೀಲ, ಬೆತ್ತದ ಬುಟ್ಟಿ, ಬರ್ನರ್, ತುಂಬಿದ ಸಿಲಿಂಡರುಗಳು ಸೇರಿ ಸುಮಾರು 300 ಕೆ.ಜಿ. ಮೊದಲೇ ಹೋಗಿರುತ್ತದೆ. ಉಳಿದದ್ದರಲ್ಲಿ ಪೈಲಟ್ಟೂ ಬರಬೇಕು.

ಒಳಗಿನ ಗಾಳಿಯನ್ನು 120 ಡಿಗ್ರಿಗೆ ಕಾಯಿಸಿದರೆ ಕಳೆದುಕೊಂಡದ್ದು ಮರಳಿ ಬರುತ್ತದೆ, ನಿಜ. ಆದರೆ ನೈಲಾನ್ ಬಟ್ಟೆಯ ಮಿತಿಯೂ ಅಲ್ಲೇ ಎಲ್ಲೋ ಇದೆ. ಪ್ರತಿ ಸಲವೂ ಆ ಮಿತಿಯ ಹತ್ತಿರ ಕಾಯಿಸಿದರೆ ನೆತ್ತಿಯ ಬಟ್ಟೆ ಬೇಗ ಜೀರ್ಣವಾಗುತ್ತದೆ. ಟಿಕೆಟ್ ಲೆಕ್ಕ ಹಾಕುವವರು ಬಯಲುಸೀಮೆಯ ಬಲೂನಿನಲ್ಲಿ ಎಷ್ಟು ಜನ ಹತ್ತಿದರು ಎಂದು ನೋಡಿ ಇಲ್ಲಿಯೂ ಅಷ್ಟೇ ಜನ ಎಂದು ಬರೆದುಕೊಂಡರೆ ಎಡವುವುದು ಇಲ್ಲಿಯೇ.

ಇದು ಹೊಸ ಪಾಠವೂ ಅಲ್ಲ. ಇಂಗ್ಲೆಂಡಿನಿಂದ ಭಾರತಕ್ಕೆ ಬರಬೇಕಿದ್ದ ಆರ್ 101 ವಾಯುನೌಕೆಗಾಗಿ ಕರಾಚಿಯಲ್ಲಿ ಭಾರೀ ಕೊಟ್ಟಿಗೆಯನ್ನೇ ಕಟ್ಟಲಾಗಿತ್ತು. ಕಟ್ಟಿ ಮುಗಿಸಿದ ನೌಕೆ ಅಂದುಕೊಂಡಷ್ಟು ಹೊರೆ ಎತ್ತಲಿಲ್ಲ. ಬಿಸಿ ನಾಡಿನ ತೆಳುಗಾಳಿಯಲ್ಲಂತೂ ಇನ್ನೂ ಕಡಿಮೆ ಎತ್ತುತ್ತದೆ ಎನ್ನುವುದು ಗೊತ್ತಿತ್ತು. ಹಾಗಾಗಿ ಅದನ್ನು ನಡುವೆ ಕತ್ತರಿಸಿ, ಇನ್ನೊಂದು ಅನಿಲದ ಚೀಲ ಸೇರಿಸಿ ಉದ್ದ ಮಾಡಿದರು. 1930ರ ಅಕ್ಟೋಬರ್ 4ರ ಸಂಜೆ ಹೊರಟದ್ದು ಮರುದಿನ ನಸುಕಿಗೆ ಮುಂಚೆಯೇ ಫ್ರಾನ್ಸಿನ ಬೋವೆ ಬಳಿ ನೆಲಕ್ಕೆ ಬಡಿದು ಉರಿಯಿತು. 54 ಜನರಲ್ಲಿ 48 ಮಂದಿ ಸತ್ತರು, ಬ್ರಿಟನ್ನಿನ ವಾಯುಯಾನ ಸಚಿವರೂ ಅವರಲ್ಲಿದ್ದರು. ಸಾಕಷ್ಟು ಪರೀಕ್ಷೆಯಿಲ್ಲದೆ, ಕೆಟ್ಟ ಹವೆಯಲ್ಲಿ, ನಿಗದಿಯಾದ ದಿನಕ್ಕೆ ಹೊರಡಲೇಬೇಕೆಂಬ ಅವಸರ ಅದರ ಹಿಂದಿತ್ತು. ಉತ್ಸವದ ದಿನ ಗೊತ್ತುಮಾಡಿ, ಕರಪತ್ರ ಹಂಚಿ, ಆಮೇಲೆ ಹವಾಮಾನ ನೋಡುವವರಿಗೆ ಇದು ತಿಳಿದಿದ್ದರೆ ಒಳ್ಳೆಯದು.

ಇನ್ನು ಗಾಳಿಯ ಮಾತು. ಬಿಸಿಗಾಳಿ ಬಲೂನಿಗೆ ಬೇಕಾದದ್ದು ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ. ಆಗ ನೆಲ ಇನ್ನೂ ಕಾದಿರುವುದಿಲ್ಲ, ಗಾಳಿ ಹೊರಳಾಡುವುದಿಲ್ಲ. ನೆಲದಲ್ಲಿ ಗಾಳಿಯ ವೇಗ ಗಂಟೆಗೆ 18 ಕಿ.ಮೀ. ದಾಟಿದರೆ ಅನುಭವಿ ಪೈಲಟ್ ಚೀಲವನ್ನು ಬಿಚ್ಚುವುದೇ ಇಲ್ಲ. ಕೊಡಗಿನಲ್ಲಿ ಮುಂಗಾರಿನ ತಿಂಗಳುಗಳು ಲೆಕ್ಕಕ್ಕೇ ಇಲ್ಲ. ಮಾರ್ಚ್ ಕಳೆದರೆ ಮಧ್ಯಾಹ್ನದ ಗುಡುಗು ಮಳೆ. ಉಳಿಯುವುದು ಡಿಸೆಂಬರಿನಿಂದ ಫೆಬ್ರುವರಿ. ಅದೇ ತಿಂಗಳುಗಳಲ್ಲಿ ರಾತ್ರಿಯ ತಣ್ಣನೆ ಗಾಳಿ ಬೆಟ್ಟದ ಇಳಿಜಾರಿನಿಂದ ಜಾರಿ ಕಣಿವೆಯಲ್ಲಿ ತುಂಬಿ ಮಂಜಾಗುತ್ತದೆ. ಪ್ರವಾಸಿಗರು ನೋಡಲು ಬರುವುದೂ ಅದನ್ನೇ. ಎಂಟೂವರೆ, ಒಂಬತ್ತರವರೆಗೆ ಮಂಜು ಕದಲುವುದಿಲ್ಲ. ಕದಲುವ ಹೊತ್ತಿಗೆ ಬಿಸಿಲು ಬಿದ್ದ ಇಳಿಜಾರುಗಳಿಂದ ಗಾಳಿ ಏಳಲು ಶುರುವಾಗಿರುತ್ತದೆ. ಹೀಗೆ ಬಲೂನಿನ ಎರಡು ಗಂಟೆಯನ್ನು ಮಂಜೇ ನುಂಗುತ್ತದೆ. ಮಂಜಿನ ಮೇಲೆ ಏರಿದವನಿಗೆ ಕೆಳಗಿನ ನೆಲ ಕಾಣದು. ನೆಲ ಕಾಣದೆ ಬಲೂನು ಇಳಿಸುವುದು ಸಾಹಸವಲ್ಲ, ತಪ್ಪು.

ಚಳಿಗಾಲದಲ್ಲಿ ಇಲ್ಲಿನ ತಗ್ಗಿನ ಗಾಳಿ ಹೆಚ್ಚಾಗಿ ಪೂರ್ವದಿಂದ ಪಶ್ಚಿಮಕ್ಕೆ. ಮಡಿಕೇರಿಯಿಂದ ಬಿಟ್ಟ ಬಲೂನು ಘಟ್ಟದ ಅಂಚಿನ ಕಡೆಗೇ ಹೋಗುತ್ತದೆ. ಮುಂದೆ ಸಂಪಾಜೆ, ಪಟ್ಟಿಘಾಟ್ ಕಾಡು, ಕೆಳಗೆ ಇಳಿದರೆ ಕಾಸರಗೋಡು. ಹಿಂಬಾಲಿಸುವ ಜೀಪಿಗೆ ದಾರಿ ಇಲ್ಲ. ಪ್ರತಿ ಜನವರಿಯಲ್ಲಿ ಬಲೂನು ಉತ್ಸವ ನಡೆಯುವ ಪೊಳ್ಳಾಚಿಯಿಂದ ಏರಿದ ಬಲೂನು ಗಾಳಿ ಎಳೆದತ್ತ ಹೋಗಿ ಪಾಲಕ್ಕಾಡಿನ ಗದ್ದೆಯಲ್ಲಿ ಇಳಿದದ್ದುಂಟು. ಅಲ್ಲಿ ಗದ್ದೆ ಇತ್ತು, ಬಚಾವಾದರು. ನಮ್ಮ ಕಡೆ ಗದ್ದೆ ಎಂದರೆ ಎರಡು ತೋಟದ ಇಳಿಜಾರುಗಳ ನಡುವಿನ ಕಿರಿದಾದ ಪಟ್ಟಿ. ಉಳಿದದ್ದೆಲ್ಲ ಸಿಲ್ವರ್ ಓಕ್, ಅದರ ಮೈಗೆ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ದಕ್ಷಿಣಕ್ಕೆ ಹೋದರೆ ನಾಗರಹೊಳೆ. ಬರ್ನರಿನ ಸದ್ದಿಗೆ ದನಗಳೇ ಬೆದರಿ ಹಗ್ಗ ಕಿತ್ತುಕೊಂಡು ಓಡುತ್ತವೆ, ಆನೆ ಹಿಂಡಿನ ಮೇಲೆ ಆ ಸದ್ದು ಮಾಡುವುದು ಯಾರಿಗೂ ಬೇಡ.

ಇವೆಲ್ಲಕ್ಕಿಂತ ಹೆಚ್ಚು ಭಯ ತಂತಿಯದು. ನ್ಯೂಜಿಲೆಂಡಿನ ಕಾರ್ಟರ್ಟನ್‌ನಲ್ಲಿ 2012ರ ಜನವರಿ 7ರಂದು ಸತ್ತ 11 ಮಂದಿ, ಅಮೆರಿಕದ ಟೆಕ್ಸಸ್‌ನ ಲಾಕ್‌ಹಾರ್ಟ್ ಬಳಿ 2016ರ ಜುಲೈ 30ರಂದು ಸತ್ತ 16 ಮಂದಿ, ಎರಡೂ ಕಡೆಯ ಕಥೆ ಒಂದೇ: ಬಲೂನು ವಿದ್ಯುತ್ ತಂತಿಗೆ ತಾಗಿತು. ಬರ್ನರ್ ಉರಿಸಿದ ಕೂಡಲೇ ಬಲೂನು ಏರುವುದಿಲ್ಲ. ಹತ್ತಾರು ಸೆಕೆಂಡು ತಡವಾಗುತ್ತದೆ. ತಂತಿ ಕಂಡ ಮೇಲೆ ಉರಿಸಿದರೆ ಏರುತ್ತಾ ಏರುತ್ತಾ ಅದಕ್ಕೇ ಹೋಗಿ ಸಿಕ್ಕಿಕೊಳ್ಳಬಹುದು. ಆ ಹೊತ್ತಿನಲ್ಲಿ ನೆತ್ತಿಯ ಕವಾಟವನ್ನು ಪೂರ್ತಿ ತೆರೆದು ನೆಲಕ್ಕೆ ಬೀಳುವುದೇ ವಾಸಿ ಎಂದು ಪೈಲಟ್‌ಗಳಿಗೆ ಕಲಿಸುತ್ತಾರೆ. ನಮ್ಮ ತೋಟಗಳಲ್ಲಿ 11 ಕೆ.ವಿ. (11 ಸಾವಿರ ವೋಲ್ಟ್) ತಂತಿ ಮರಗಳ ಸಂದಿಯಲ್ಲಿ ಹಾದುಹೋಗುತ್ತದೆ, ಮೇಲಿನಿಂದ ಕಾಣುವುದೇ ಇಲ್ಲ. ಮೆಣಸು ಕೊಯ್ಯುವವರ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜೀವ ಹೋದ ಸುದ್ದಿಗಳನ್ನು ನಿಮ್ಮ ಓದುಗರು ಎಷ್ಟು ಓದಿಲ್ಲ?

ಚಿತ್ರಗಳನ್ನು ನೋಡಿ ಬಲೂನಿಗೆ ಮನಸೋಲುವುದು ಇಂದಿನ ಚಾಳಿಯಲ್ಲ. 1783ರಲ್ಲಿ ಮೊಂಗೋಲ್ಫಿಯೇ ಸಹೋದರರ ಬಲೂನು ಏರಿದ ಬೆನ್ನಿಗೇ ಫ್ರಾನ್ಸಿನಲ್ಲಿ ಊಟದ ತಟ್ಟೆ, ಬೀಸಣಿಗೆ, ಕುರ್ಚಿಯ ಬೆನ್ನು ಎಲ್ಲದರ ಮೇಲೂ ಬಲೂನು ಮೂಡಿತು. ಬಲೂನಿನಿಂದ ಮೊದಲು ಫೋಟೊ ತೆಗೆದ ನಾದಾರ್‌ನನ್ನು ಚಿತ್ರಕಾರ ದೋಮಿಯೇ 1862ರಲ್ಲಿ ಗೇಲಿ ಮಾಡಿ ಚಿತ್ರ ಬರೆದ. ಬುಟ್ಟಿಯಲ್ಲಿ ಟೋಪಿ ಹಾರಿಹೋಗುತ್ತಿದ್ದರೂ ಕ್ಯಾಮೆರಾಗೆ ಕಣ್ಣು ಕೊಟ್ಟು ಕೂತ ನಾದಾರ್. ಮರುವರ್ಷವೇ ಅದೇ ನಾದಾರ್ ತನ್ನ ದೈತ್ಯ ಬಲೂನಿನಲ್ಲಿ ಜರ್ಮನಿಯ ಹಾನೋವರ್ ಕಡೆ ಇಳಿಯುವಾಗ ಗಾಳಿ ಬುಟ್ಟಿಯನ್ನು ಮೈಲುಗಟ್ಟಲೆ ನೆಲದ ಮೇಲೆ ಎಳೆದೊಯ್ದಿತು. ಅವನೂ ಹೆಂಡತಿಯೂ ಗಾಯಗೊಂಡರು. ಇಳಿಯುವ ಬಲೂನಿನ ಚಿತ್ರವನ್ನು ತಟ್ಟೆಯ ಮೇಲೆ ಯಾರೂ ಬರೆಸಿಕೊಳ್ಳಲಿಲ್ಲ.

ಹಾಗಾದರೆ ಕೊಡಗಿಗೆ ಬಲೂನೇ ಬೇಡವೇ? ಕುಶಾಲನಗರದ ಕಡೆ ಬೇಕಾದರೆ ಮಾಡಬಹುದು, ಹಗ್ಗ ಕಟ್ಟಿ. ಅಲ್ಲಿ ನೆಲ ಮಡಿಕೇರಿಗಿಂತ ಮುನ್ನೂರು ಮೀಟರಿನಷ್ಟು ತಗ್ಗು, ಕೊಯ್ಲಾದ ಬಯಲು ಸಿಗುತ್ತದೆ, ಮಂಜೂ ಬೇಗ ಕರಗುತ್ತದೆ. ಮೂರು ಹಗ್ಗಗಳನ್ನು ಸಮಾನ ಅಂತರದಲ್ಲಿ ಮೂರು ಭಾರದ ವಾಹನಗಳಿಗೆ ಕಟ್ಟಿ, 30 ಮೀಟರ್ ಒಳಗೇ ಏರಿಸಿ ಇಳಿಸಬೇಕು. ಹಗ್ಗ ಕಟ್ಟಿದ ಮಾತ್ರಕ್ಕೆ ಸುರಕ್ಷಿತ ಎಂದು ತಿಳಿಯುವುದು ಬೇಡ. ತೇಲುವ ಬಲೂನು ಗಾಳಿಯ ಜೊತೆಗೇ ಹೋಗುತ್ತದೆ, ಬುಟ್ಟಿಯಲ್ಲಿದ್ದವರಿಗೆ ಗಾಳಿ ಬೀಸಿದ್ದೇ ತಿಳಿಯದು. ಕಟ್ಟಿದ ಬಲೂನು ಗಾಳಿಗೆ ಎದೆ ಕೊಟ್ಟು ನಿಲ್ಲಬೇಕು. 16 ಮೀಟರ್ ಅಗಲದ ಆ ಚೀಲಕ್ಕೆ ಗಂಟೆಗೆ 10 ಕಿ.ಮೀ. ಗಾಳಿ ಕೊಡುವ ತಳ್ಳು ಸುಮಾರು 40 ಕೆ.ಜಿ., 20 ಕಿ.ಮೀ. ಆದರೆ 160, 30 ಆದರೆ 370. ವೇಗ ಎರಡರಷ್ಟಾದರೆ ತಳ್ಳು ನಾಲ್ಕರಷ್ಟು. ಅದಕ್ಕೆ ಮೊದಲೇ ಚೀಲದ ಮೈ ಒಳಗೆ ತಗ್ಗಿ, ಬಿಸಿಗಾಳಿ ಬಾಯಿಯಿಂದ ಚೆಲ್ಲಿ, ಬುಟ್ಟಿ ಕುಸಿಯುತ್ತದೆ. 12 ಕಿ.ಮೀ.ಗೆ ನಿಲ್ಲಿಸುವುದು ಎಂದು ಮೊದಲೇ ಬರೆದಿಟ್ಟುಕೊಂಡು, ಗಾಳಿ ಅಳೆಯುವ ಮಾಪಕವನ್ನು ಟಿಕೆಟ್ ಮಾರುವವರ ಕೈಗೆ ಕೊಡದೆ ಬೇರೊಬ್ಬರ ಕೈಗೆ ಕೊಡಬೇಕು.

ಇನ್ನೂ ಕೆಲವು ಸಂಗತಿ. ಒಬ್ಬ ಇಳಿಯುವ ಮೊದಲು ಇನ್ನೊಬ್ಬ ಹತ್ತಿರಬೇಕು. ಇಲ್ಲದಿದ್ದರೆ 70 ಕೆ.ಜಿ. ಒಮ್ಮೆಲೇ ಹಗುರಾಗಿ ಬುಟ್ಟಿ ಜಿಗಿಯುತ್ತದೆ. ಏರುತ್ತಿರುವ ಬಲೂನಿನ ಹಗ್ಗವನ್ನೋ ಬುಟ್ಟಿಯ ಅಂಚನ್ನೋ ಹಿಡಿದವರು ಕಾಲು ನೆಲ ಬಿಡುವ ಮುನ್ನ ಕೈ ಬಿಡಬೇಕು, ಒಂದು ಕ್ಷಣ ತಡವಾದರೆ ಬಿಡುವ ಧೈರ್ಯ ಬರುವುದಿಲ್ಲ. ಅಡುಗೆ ಅನಿಲದ ಸಿಲಿಂಡರ್ ತಂದು ಜೋಡಿಸುವ ಜುಗಾಡವೂ ನಡೆಯದು. ಮನೆಯ ಸಿಲಿಂಡರ್ ಮೇಲಿನ ಆವಿಯನ್ನು ಕೊಡುತ್ತದೆ. ಬಲೂನಿನ ಬರ್ನರಿಗೆ ತಳದಿಂದ ಕೊಳವೆಯಲ್ಲಿ ಬರುವ ದ್ರವ ಬೇಕು. ಅಡುಗೆ ಅನಿಲದಲ್ಲಿ ಬ್ಯೂಟೇನ್ ಬೆರೆತಿರುವುದರಿಂದ ಡಿಸೆಂಬರಿನ ಹತ್ತು ಡಿಗ್ರಿ ಚಳಿಗೆ ಒತ್ತಡವೂ ಬಿದ್ದುಹೋಗುತ್ತದೆ. ಈಜಿಪ್ಟಿನ ಲಕ್ಸರಿನಲ್ಲಿ 2013ರ ಫೆಬ್ರುವರಿ 26ರಂದು 19 ಪ್ರವಾಸಿಗರು ಸತ್ತದ್ದು ಇಳಿಯುವ ವೇಳೆ ಇಂಧನದ ಕೊಳವೆಯಲ್ಲಿ ಹತ್ತಿದ ಬೆಂಕಿಯಿಂದ. ಹಗ್ಗ ಕಟ್ಟಿದ ಬಲೂನೂ ನಮ್ಮ ಕಾನೂನಿನಲ್ಲಿ ವಿಮಾನವೇ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿ, ಪೈಲಟ್ ಪರವಾನಗಿ ಎರಡನ್ನೂ ಕೇಳಿ ನೋಡಬೇಕು. ಮೈದಾನದ ಬಾಡಿಗೆ ರಸೀದಿ ಸಾಲದು.

ದಸರಾ ಜಾತ್ರೆಯಲ್ಲಿ ಮಾರುವ ಬಲೂನುಗಳ ಮಾತು ಇದಕ್ಕಿಂತ ತುರ್ತಿನದು. ಹೈಡ್ರೋಜನ್ ಹೀಲಿಯಂಗಿಂತ ಅರ್ಧ ತೂಕದ್ದು, ಹಾಗಾಗಿ ಎರಡರಷ್ಟು ಎತ್ತುತ್ತದೆ ಎಂಬ ನಂಬಿಕೆ ಇದೆ. ಎತ್ತುವುದು ಅನಿಲದ ತೂಕವಲ್ಲ, ಅದು ಸರಿಸಿದ ಗಾಳಿಯ ತೂಕ. 30 ಸೆಂ.ಮೀ. ಬಲೂನಿನಲ್ಲಿ 14 ಲೀಟರ್ ಹಿಡಿಯುತ್ತದೆ. ಮಡಿಕೇರಿಯಲ್ಲಿ ಹೀಲಿಯಂ ತುಂಬಿದರೆ ಸುಮಾರು 12.8 ಗ್ರಾಂ, ಹೈಡ್ರೋಜನ್ ತುಂಬಿದರೆ 13.7 ಗ್ರಾಂ ಎತ್ತುತ್ತದೆ. ಒಂದು ಗ್ರಾಮಿನ ಲಾಭ! ಐವತ್ತು ಬಲೂನುಗಳ ಗೊಂಚಲಿಗೆ ಬೆಂಕಿ ತಗುಲಿದರೆ ಸುಮಾರು 130 ಗ್ರಾಂ ಅಡುಗೆ ಅನಿಲ ಉರಿದಷ್ಟು ಶಾಖ ಕಣ್ಣು ಮಿಟುಕಿಸುವುದರೊಳಗೆ ಮಾರುವವನ ಮುಖದ ಮುಂದೆ ಹೊರಬೀಳುತ್ತದೆ. ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿ ಬೆರೆತರೂ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಜರ್ಮನಿಯ ಹಿಂಡನ್‌ಬರ್ಗ್ ವಾಯುನೌಕೆಯನ್ನು ಮೊದಲು ಹೀಲಿಯಂಗೆಂದೇ ಯೋಜಿಸಿದ್ದರು. ಅಮೆರಿಕ ಹೀಲಿಯಂ ರಫ್ತಿಗೆ ಬಿಡಲಿಲ್ಲ, ಹೈಡ್ರೋಜನ್ ತುಂಬಿದರು. 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಅದು ಹೊತ್ತಿ ಉರಿದದ್ದನ್ನು ಚಿತ್ರಗಳಲ್ಲಿ ಎಲ್ಲರೂ ನೋಡಿದ್ದಾರೆ.

ಸಿಲಿಂಡರಿನಿಂದ ತುಂಬುವುದಕ್ಕಿಂತಲೂ ಕೆಟ್ಟದ್ದು ಸ್ಥಳದಲ್ಲೇ ಹೈಡ್ರೋಜನ್ ತಯಾರಿಸುವುದು. ಹಳೆಯ ಸಿಲಿಂಡರಿಗೆ ಕಾಸ್ಟಿಕ್ ಸೋಡಾ ನೀರು ಹಾಕಿ ಅಲ್ಯೂಮಿನಿಯಂ ಚೂರು ಸುರಿಯುತ್ತಾರೆ. ಒಂದು ಕೆ.ಜಿ. ಅಲ್ಯೂಮಿನಿಯಂ ನಮ್ಮ ಎತ್ತರದಲ್ಲಿ ಒಂದೂವರೆ ಘನ ಮೀಟರ್ ಹೈಡ್ರೋಜನ್ ಕೊಡುತ್ತದೆ. ಕ್ರಿಯೆ ತಾನೇ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಜೋರಾಗುತ್ತದೆ, ನಿಲ್ಲಿಸಲು ಗುಂಡಿ ಇಲ್ಲ. ಒಳಗಿದ್ದ ಗಾಳಿಯನ್ನು ಮೊದಲು ಹೊರಗೆ ಬಿಡದಿದ್ದರೆ ಸಿಲಿಂಡರೇ ಸಿಡಿಮದ್ದಿನ ಮಿಶ್ರಣ. ಮಂಟಪಗಳ ಮೆರವಣಿಗೆಯ ರಾತ್ರಿ, ಪಟಾಕಿ ಮತ್ತು ಜನರೇಟರುಗಳ ನಡುವೆ, ಅಂಥದ್ದೊಂದು ಸಿಲಿಂಡರ್ ಕಂಡರೆ ಪೊಲೀಸರಿಗೆ ಹೇಳಿ. ಗುರುತು ಸುಲಭ: ಉರಿಯುವ ಅನಿಲದ ಸಿಲಿಂಡರಿನ ಜೋಡಣೆಯ ನಟ್ಟು ಎಡಸುತ್ತಿನದು, ಅದರ ಮೂಲೆಗಳಲ್ಲಿ ಗೀರು ಇರುತ್ತದೆ. ಹೀಲಿಯಂನದು ಬಲಸುತ್ತು. ಅಂದಹಾಗೆ ಹೀಲಿಯಂ ಪತ್ತೆಗೆ ದಾರಿಯಾದದ್ದು 1868ರ ಆಗಸ್ಟ್ 18ರ ಗ್ರಹಣ, ಫ್ರಾನ್ಸಿನ ಜಾನ್ಸೆನ್ ಅದನ್ನು ನೋಡಿದ್ದು ಪಕ್ಕದ ಆಂಧ್ರದ ಗುಂಟೂರಿನಿಂದ.

ಹೊಸವರ್ಷಕ್ಕೆ ರೆಸಾರ್ಟುಗಳಲ್ಲಿ ಬಿಡುವ ಆಕಾಶದೀಪಗಳನ್ನಂತೂ ಪೂರ್ತಿ ನಿಲ್ಲಿಸಬೇಕು. ಕಾಗದದ ಚೀಲ, ಕೆಳಗೆ ತಂತಿಯ ಬಳೆ, ಅದರಲ್ಲಿ ಮೇಣ ಕುಡಿದ ಬಟ್ಟೆ. ಐದರಿಂದ ಹತ್ತು ನಿಮಿಷ ಉರಿಯುತ್ತದೆ. ಗಂಟೆಗೆ 10 ಕಿ.ಮೀ. ಗಾಳಿಯಲ್ಲಿ ಒಂದೂವರೆ ಕಿ.ಮೀ. ದೂರದ ತೋಟಕ್ಕೆ ತಲುಪಲು ಅಷ್ಟು ಸಾಕು. ಮೇಣ ಪೂರ್ತಿ ಆರಿದ ಮೇಲೆ ಬಿದ್ದರೆ ಪುಣ್ಯ. ಗಾಳಿಯ ಹೊಡೆತಕ್ಕೆ ಓರೆಯಾದರೆ ಕಾಗದ ಹೊತ್ತಿಕೊಂಡು ಉರಿಯುತ್ತಲೇ ಬೀಳುತ್ತದೆ. ಆ ತಿಂಗಳುಗಳಲ್ಲಿ ತೋಟದಲ್ಲಿ ಒಣ ತರಗೆಲೆ, ಮಾಂದಲ್‌ಪಟ್ಟಿಯಲ್ಲಿ ಒಣ ಹುಲ್ಲು. ಜರ್ಮನಿಯ ಕ್ರೇಫೆಲ್ಡ್ ಮೃಗಾಲಯದಲ್ಲಿ 2020ರ ಹೊಸವರ್ಷದ ರಾತ್ರಿ ಇಂಥ ದೀಪ ಬಿದ್ದು ವಾನರಗಳ ಮನೆ ಸುಟ್ಟು 30ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು.

ಮಕ್ಕಳಿಗೆ ಬಲೂನಿನ ವಿಜ್ಞಾನ ತೋರಿಸಲು ಬೆಂಕಿಯೂ ಬೇಡ, ಅನಿಲವೂ ಬೇಡ. ಮೊಂಗೋಲ್ಫಿಯೇ ಸಹೋದರರು ಹುಲ್ಲು, ಉಣ್ಣೆ ಸುಟ್ಟು ಹೊಗೆಯೇ ಎತ್ತುತ್ತದೆ ಎಂದುಕೊಂಡಿದ್ದರು. ಎತ್ತುವುದು ಬಿಸಿ ಎನ್ನುವುದನ್ನು ಬರೀ ಬಿಸಿಲಿನಲ್ಲಿ ತೋರಿಸಬಹುದು. ಬಣ್ಣ ಬಳಿಯುವವರು ನೆಲ, ಕಿಟಕಿಗೆ ಹೊದಿಸುವ ತೆಳು ಪ್ಲಾಸ್ಟಿಕ್ ಹಾಳೆ ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. 3.2 ಮೀಟರ್ ಅಗಲ, 5 ಮೀಟರ್ ಉದ್ದಕ್ಕೆ ಕತ್ತರಿಸಿ, ಉದ್ದದ ಅಂಚುಗಳನ್ನು ಟೇಪಿನಿಂದ ಅಂಟಿಸಿದರೆ ಒಂದು ಮೀಟರ್ ಅಗಲದ ಕೊಳವೆಯಾಗುತ್ತದೆ. ಒಂದು ತುದಿ ಕಟ್ಟಿ, ಒಳಗೆ ಒಂದು ಹಿಡಿ, ಅಂದರೆ ಸುಮಾರು 20 ಗ್ರಾಂ, ನುಣ್ಣನೆ ಇದ್ದಿಲ ಪುಡಿ ಹಾಕಿ ಅಲುಗಾಡಿಸಿ, ಒಳಮೈ ಕಪ್ಪಾಗುತ್ತದೆ. ನೆರಳಿನಲ್ಲಿ ಬಾಯಿ ತೆರೆದು ನಾಲ್ಕು ಹೆಜ್ಜೆ ಓಡಿದರೆ ತಣ್ಣನೆ ಗಾಳಿ ತುಂಬುತ್ತದೆ. ಬಾಯಿ ಕಟ್ಟಿ ಬಿಸಿಲಿಗೆ ತನ್ನಿ. ಒಳಗಿನ ಗಾಳಿ ಹೊರಗಿಗಿಂತ 20 ಡಿಗ್ರಿ ಬಿಸಿಯಾದಾಗ ಸುಮಾರು 250 ಗ್ರಾಂ ಎತ್ತುತ್ತದೆ. ಹಾಳೆ, ಟೇಪು, ಇದ್ದಿಲು ಸೇರಿ 180 ಗ್ರಾಂ ಆಸುಪಾಸು. ಏಳುತ್ತದೆ.

ಏಳದಿದ್ದರೆ ಮೊದಲು ಹಾಳೆಯ ದಪ್ಪ ನೋಡಿ. 10 ಮೈಕ್ರಾನ್ (ಮಿಲಿಮೀಟರಿನ ನೂರರಲ್ಲೊಂದು ಭಾಗ) ಹಾಳೆ ಚದರ ಮೀಟರಿಗೆ 9 ಗ್ರಾಂ ಚಿಲ್ಲರೆ ತೂಗುತ್ತದೆ. ಕಸದ ಚೀಲಗಳು 20 ಮೈಕ್ರಾನ್ ಮೇಲೆ. ಅದೇ ಅಳತೆಗೆ ಹಾಳೆಯೊಂದೇ 290 ಗ್ರಾಂ ದಾಟುತ್ತದೆ, ಎಷ್ಟು ಕಪ್ಪಾಗಿದ್ದರೂ ಮೇಲೇಳದು. ಕೊಳ್ಳುವ ಮೊದಲು ಒಂದು ಚದರ ಮೀಟರ್ ತುಂಡನ್ನು ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ. ನಮ್ಮ ಕಡೆಯ ಎರಡನೆಯ ಕಾರಣ ಇಬ್ಬನಿ. ಹುಲ್ಲಿನ ಮೇಲೆ ಹಾಸಿದ ಹಾಳೆಗೆ ಅರ್ಧ ಲೋಟ ನೀರಿನಷ್ಟು ಇಬ್ಬನಿ ಹತ್ತಿದರೂ ಆಟ ಮುಗಿಯಿತು; ಟಾರ್ಪಾಲು ಹಾಸಿ ಕೆಲಸ ಮಾಡಿ. ಎರಡು ಒಣ ಹತ್ತಿ ದಾರಗಳಿಂದ ಹಿಡಿದಿರಬೇಕು, ಬಿಟ್ಟುಬಿಡಬಾರದು. ಬಿಟ್ಟರೆ ಯಾರದೋ ತೋಟದಲ್ಲಿ ಪ್ಲಾಸ್ಟಿಕ್ ಕಸ. ತಂತಿಯಿಂದ ನೂರು ಮೀಟರ್ ದೂರ, ಬೆಳಗಿನ ಹನ್ನೊಂದು ಗಂಟೆಯೊಳಗೆ ಇಳಿಸಿ.

ಭೂಕುಸಿತದ ನಿಗಾಕ್ಕೆ ಹಗ್ಗ ಕಟ್ಟಿದ ಕ್ಯಾಮೆರಾ ಬಲೂನು ನಿಲ್ಲಿಸಬಾರದೇ ಎಂದೂ ಕೆಲವರು ಕೇಳುತ್ತಾರೆ. ನಿಗಾ ಬೇಕಾಗುವುದು ಜುಲೈ, ಆಗಸ್ಟಿನಲ್ಲಿ. ಆಗ ಅದು ಮೋಡದೊಳಗೆ ನೇತಾಡುತ್ತಾ ಗಾಳಿಗೆ ಹಗ್ಗ ಜಗ್ಗುವುದಷ್ಟೇ ಮಾಡುತ್ತದೆ. ಆ ಹಣಕ್ಕೆ ಇಳಿಜಾರುಗಳಲ್ಲಿ ಮಳೆಮಾಪಕ ಹಾಕಿಸುವುದು ಮೇಲು.

ನಮಗೆ ನಿಜಕ್ಕೂ ದುಡಿಯುತ್ತಿರುವ ಬಲೂನು ಬೇರೆಯೇ ಇದೆ. ಮಂಗಳೂರಿನ ಪಣಂಬೂರು ಮತ್ತು ಬೆಂಗಳೂರಿನಿಂದ ಹವಾಮಾನ ಇಲಾಖೆ ರಬ್ಬರ್ ಬಲೂನಿಗೆ ರೇಡಿಯೊಸಾಂಡ್ ಎಂಬ ಸಣ್ಣ ಪೆಟ್ಟಿಗೆ ಕಟ್ಟಿ ಹಾರಿಸುತ್ತದೆ. ಒತ್ತಡ, ಉಷ್ಣತೆ, ತೇವಾಂಶವನ್ನು ರೇಡಿಯೊದಲ್ಲಿ ಕಳಿಸುತ್ತಾ 30 ಕಿ.ಮೀ. ಹತ್ತಿರ ಏರುತ್ತದೆ, ಮೇಲೆ ಒತ್ತಡ ಕಡಿಮೆಯಾದಂತೆ ಉಬ್ಬಿ ಒಡೆಯುತ್ತದೆ. ನಮ್ಮ ಮಳೆಯ ಮುನ್ಸೂಚನೆಗೆ ಇದು ಆಧಾರ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಅಳೆಯಲು ಅಮೆರಿಕದ ಮಿಲಿಕನ್ ತಂಡ 1939–40ರ ಚಳಿಗಾಲದಲ್ಲಿ ಬೆಂಗಳೂರಿನಿಂದಲೂ ಬಲೂನು ಹಾರಿಸಿತ್ತು. ಭೂಕಾಂತದ ಸಮಭಾಜಕ, ಅಂದರೆ ಭೂಮಿಯ ಕಾಂತಕ್ಷೇತ್ರದ ನಡುಗೆರೆ, ಹತ್ತಿರವಿರುವ ಊರು ಅವರಿಗೆ ಬೇಕಿತ್ತು. ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ 2005ರಲ್ಲಿ ಏರಿದ ಭಾರೀ ಬಲೂನು 41 ಕಿ.ಮೀ. ಎತ್ತರದವರೆಗಿನ ಗಾಳಿಯ ಮಾದರಿ ತಂದಿತು. ಅದರಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಮೂರು ಹೊಸ ಜಾತಿಗಳೆಂದು 2009ರಲ್ಲಿ ಪ್ರಕಟವಾಯಿತು.

ಚಳಿಗಾಲದಲ್ಲಿ ಮೇಲ್ಗಾಳಿ ಪಶ್ಚಿಮದಿಂದ ಬೀಸುವುದರಿಂದ ಪಣಂಬೂರಿನ ಪೆಟ್ಟಿಗೆ ನಮ್ಮ ತೋಟಗಳಲ್ಲಿ ಬಿದ್ದರೂ ಆಶ್ಚರ್ಯವಿಲ್ಲ. 1783ರ ಆಗಸ್ಟಿನಲ್ಲಿ ಪ್ಯಾರಿಸಿನಿಂದ ಹಾರಿ ಗೊನೆಸ್ ಹಳ್ಳಿಯಲ್ಲಿ ಬಿದ್ದ ಮೊದಲ ಹೈಡ್ರೋಜನ್ ಬಲೂನನ್ನು ರೈತರು ಭೂತವೆಂದು ಕವೆಗೋಲಿನಿಂದ ಇರಿದು ಚಿಂದಿ ಮಾಡಿದ್ದರು. ಇದಕ್ಕೆ ಅಷ್ಟೆಲ್ಲ ಬೇಕಿಲ್ಲ. ಬಿಳಿ ಪೆಟ್ಟಿಗೆ, ಉದ್ದ ದಾರ, ಹರಿದ ರಬ್ಬರ್, ಕೆಲವೊಮ್ಮೆ ಪುಟ್ಟ ಪ್ಯಾರಾಚೂಟ್. ಸ್ಫೋಟಕವಲ್ಲ, ಒಳಗಿರುವುದು ಬ್ಯಾಟರಿ ಮತ್ತು ಸಂವೇದಕ. ಮೇಲಿನ ಬರಹ ಓದಿ ಹತ್ತಿರದ ಠಾಣೆಗೆ ತಿಳಿಸಿ. ರಬ್ಬರ್ ಚೂರುಗಳನ್ನು ದನ ತಿನ್ನದಂತೆ ಹೆಕ್ಕಿ. ತಂತಿಯ ಮೇಲೆ ಸಿಕ್ಕಿಕೊಂಡಿದ್ದರೆ ಮಾತ್ರ ಗಳ ಹಾಕಿ ಎಳೆಯಬೇಡಿ, ವಿದ್ಯುತ್ ಕಚೇರಿಗೆ ಫೋನ್ ಮಾಡಿ.

ಇತಿ,
ಇಬ್ಬರು ಭೌತಶಾಸ್ತ್ರ ಶಿಕ್ಷಕರು, ಮಡಿಕೇರಿ